ಕಾಲಕ್ರಮೇಣ

ತಟ್ಟೆ ಇಡಬೇಕಾದ ಜಾಗದಲ್ಲಿ ಅಕ್ಕ ದಿನಪತ್ರಿಕೆ ಹಾಸಿದಳು. ಕೈ ತೊಳೆದು ಬಂದ ಮೇಷ್ಟ್ರು, ಮೇಜಿನ ಮೇಲೆ ಏನೋ ಚೆಲ್ಲಿರಬೇಕು, ಅದಕ್ಕೇ ಹಾಸಿದ್ದಾಳೆ ಅಂದುಕೊಂಡು ಕುರ್ಚಿ ಎಳೆದು ಕೂತರು. ಆಮೇಲೆ ಕಣ್ಣು ಹಾಯಿಸಿದರೆ ಅದು ಮೂರನೇ ಪುಟ. ನಡುವೆ ಒಂದು ಫೋಟೋ. ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಐದು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಎಡದಿಂದ ಮೂರನೆಯವರ ಟೈ ಓರೆಯಾಗಿತ್ತು.

"ಇದು ನೀನೇನಾ?" ಎಂದು ಅಕ್ಕ ಕೇಳಿದಳು.

"ನಾನೇ."

"ಟೈ ನೋಡಿನೇ ಗೊತ್ತಾಯ್ತು. ಈಗ ತಲೆಬರಹ ಓದು. ಗಟ್ಟಿಯಾಗಿ ಓದು, ನಿಮ್ಮ ಬಾವನಿಗೂ ಕೇಳಿಸಲಿ."

ಮೇಷ್ಟ್ರು ಓದಿದರು. "ಹದಿನೇಳು ಸಾಮಾನುಗಳ ಮೇಲಿನ ಆಮದು ಸುಂಕ ರದ್ದು. ತಜ್ಞರ ಸಮಿತಿಯ ಶಿಫಾರಸಿಗೆ ಸರ್ಕಾರದ ಒಪ್ಪಿಗೆ."

"ಒಂಬತ್ತನೇ ಸಾಮಾನು ಯಾವುದು?"

ಪಟ್ಟಿ ನೋಡುವ ಅಗತ್ಯ ಮೇಷ್ಟ್ರಿಗೆ ಇರಲಿಲ್ಲ. "ಗುಂಡಿ," ಅಂದರು. "ಅಂಗಿ, ಕೋಟಿಗೆ ಹಚ್ಚೋದು. ಎಲ್ಲಾ ಥರದ್ದು."

ಎದುರಿಗೆ ಕೂತಿದ್ದ ಬಾವ ಚಮಚ ಕೆಳಗಿಟ್ಟರು. "ಭಲೇ ಮೇಷ್ಟ್ರೇ. ಗುಂಡಿ ಮಾಡೋರನ್ನ ಗುಂಡಿಗೇ ತಳ್ಳಿದ್ರಿ."

ಊಟದ ಕೋಣೆಯ ಹಿಂಬಾಗಿಲು ತೆರೆದರೆ ಅಂಗಳ, ಅಂಗಳ ದಾಟಿದರೆ ತಗಡಿನ ಮಾಡಿನ ಉದ್ದನೆ ಶೆಡ್ಡು. ಅದೇ ಗುಂಡಿ ಕಾರ್ಖಾನೆ. ಬಾವನ ಅಪ್ಪ ಕಟ್ಟಿದ್ದು. ಬಾವನಿಗೆ ಬೆನ್ನುನೋವು ಅಂಟಿಕೊಂಡ ಮೇಲೆ ಹದಿನೈದು ವರ್ಷದಿಂದ ಅಕ್ಕನೇ ನಡೆಸುತ್ತಿದ್ದಳು. ಪ್ಲಾಸ್ಟಿಕ್ ಹಾಳೆಯಿಂದ ಬಿಲ್ಲೆ ಕತ್ತರಿಸುವುದು, ತೂತು ಕೊರೆಯುವುದು, ಪೀಪಾಯಿಯಲ್ಲಿ ಉರುಳಿಸಿ ಹೊಳಪು ಕೊಡುವುದು, ಬಿಸಿನೀರ ಹಂಡೆಯಲ್ಲಿ ಬಣ್ಣ ಏರಿಸುವುದು, ಒಡಕು ತೆಗೆದು ಒಳ್ಳೆಯದನ್ನು ಆರಿಸುವುದು, ಡಬ್ಬ ಕಟ್ಟುವುದು. ಇಷ್ಟಕ್ಕೆ ಒಂಬತ್ತು ಜನ. ವಾರದ ದಿನಗಳಲ್ಲಿ ಪೀಪಾಯಿ ಉರುಳುವ ಸದ್ದಿಗೆ ಮನೆಯ ಲೋಟಗಳೂ ಸಣ್ಣಗೆ ನಡುಗುತ್ತಿದ್ದವು.

ಮೇಷ್ಟ್ರಿಗೆ ನಲವತ್ತೊಂಬತ್ತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ನಾಲ್ಕು ವರ್ಷವಾಗಿತ್ತು. ದೇಶ ದೇಶಗಳ ನಡುವಿನ ವ್ಯಾಪಾರ ಅವರಿಗೆ ಪ್ರಾಣ. ಆ ಪಾಠ ಮಾಡುವ ದಿನ ಬೇಗ ಎದ್ದು ನೀಟಾಗಿ ಕ್ಷೌರ ಮಾಡಿಕೊಳ್ಳುವರು ಅಂತ ಹುಡುಗರು ಗುರುತಿಟ್ಟಿದ್ದರು. ಒಂಟಿ ಮನುಷ್ಯ; ಭಾನುವಾರದ ಊಟ ಮಾತ್ರ ಅಕ್ಕನ ಮನೆಯಲ್ಲಿ. ಹೊರಗೆ ಎಷ್ಟೇ ದೊಡ್ಡ ತಜ್ಞರಾದರೂ ಈ ಮನೆಯ ಹೊಸಿಲು ದಾಟಿದರೆ 'ಪುಟ್ಟ'.

ಸಮಿತಿಯಲ್ಲಿ ಅವರೇನೂ ಮೋಸ ಮಾಡಿರಲಿಲ್ಲ. ಒಂಬತ್ತನೇ ಸಾಮಾನು ಬಂದಾಗ, "ಇದು ನಮ್ಮ ಅಕ್ಕನ ಕಸುಬು, ನಾನು ಅಭಿಪ್ರಾಯ ಹೇಳೋದು ಸರಿಯಲ್ಲ" ಅಂದಿದ್ದರು. ಅಧ್ಯಕ್ಷರು ಮೆಚ್ಚಿಕೊಂಡು ಐದು ನಿಮಿಷ ಹೊರಗೆ ಕಳಿಸಿದ್ದರು. ಮೇಷ್ಟ್ರು ಒಂದು ಟೀ ಕುಡಿದು ಒಳಗೆ ಬರುವಷ್ಟರಲ್ಲಿ ಚರ್ಚೆ ಹನ್ನೊಂದನೇ ಸಾಮಾನಿಗೆ ಹೋಗಿತ್ತು. ಆದರೆ ವರದಿಯ ಕೊನೆಯ ಪುಟವನ್ನು ಬರೆದವರು ಅವರೇ. ಭಾಷೆ ಚೆನ್ನಾಗಿದೆ, ನೀವೇ ಬರೀರಿ ಅಂತ ಎಲ್ಲರೂ ಅಂದಿದ್ದರು. ಆ ಪುಟದ ಒಂದು ಸಾಲನ್ನು ಪತ್ರಿಕೆಯವರು ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು. ಅಕ್ಕ ಕನ್ನಡಕ ಏರಿಸಿಕೊಂಡು ಅದನ್ನು ಓದಿದಳು.

"'ಈ ಉದ್ಯಮಗಳಲ್ಲಿ ತೊಡಗಿರುವ ಕಾರ್ಮಿಕರು ಕಾಲಕ್ರಮೇಣ ಇತರ ಉದ್ಯಮಗಳಿಗೆ ಸ್ಥಳಾಂತರಗೊಳ್ಳುವರು.' ಇದು ಯಾರ ಬರವಣಿಗೆ?"

"ನಂದೇ."

"ಚೆನ್ನಾಗಿದೆ. ಈ ಕಾಲಕ್ರಮೇಣ ಅನ್ನೋದು ಎಷ್ಟು ದಿನ?"

"ಅದು ಹಾಗೆ ದಿನ ಲೆಕ್ಕದಲ್ಲಿ ಬರಲ್ಲ ಅಕ್ಕ."

"ಸಂಬಳ ದಿನ ಲೆಕ್ಕದಲ್ಲೇ ಬರೋದು ಪುಟ್ಟ."

ಮೇಷ್ಟ್ರು ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಮುಂದಕ್ಕೆ ಎಳೆದುಕೊಂಡರು. ತರಗತಿಯಲ್ಲಾದರೆ ಈ ಹೊತ್ತಿಗೆ ಸೀಮೆಸುಣ್ಣ ಕೈಗೆ ಬರುತ್ತಿತ್ತು. "ನೋಡು, ಇದು ಒಂದು ದೇಶ, ಇದು ಇನ್ನೊಂದು ದೇಶ ಅಂತ ಇಟ್ಕೋ. ಮೊದಲನೇದು ಎಲ್ಲದರಲ್ಲೂ ಗಟ್ಟಿ ಇರಬಹುದು. ಹಾಗಂತ ಎಲ್ಲವನ್ನೂ ತಾನೇ ಮಾಡ್ತಾ ಕೂತರೆ ನಷ್ಟ. ತನಗೆ ಯಾವುದು ತೀರಾ ಚೆನ್ನಾಗಿ ಬರುತ್ತೋ ಅದಕ್ಕೆ ಕೈ ಹಾಕಬೇಕು, ಉಳಿದದ್ದನ್ನ ಎರಡನೇದಕ್ಕೆ ಬಿಡಬೇಕು. ಆಗ ಇಬ್ಬರಿಗೂ ಲಾಭ. ಈಗ ನಮ್ಮಿಬ್ಬರನ್ನೇ ತಗೋ. ಗುಂಡಿನೂ ನೀನೇ ನನಗಿಂತ ಚೆನ್ನಾಗಿ ಮಾಡ್ತೀಯ, ಅಡುಗೆನೂ ನೀನೇ ಚೆನ್ನಾಗಿ ಮಾಡ್ತೀಯ..."

"ಪಾಠನೂ," ಅಂದರು ಬಾವ.

"ಆದರೂ ನಾನು ಪಾತ್ರೆ ತೊಳೆದರೆ ಇಬ್ಬರಿಗೂ ಒಳ್ಳೇದು. ಅದೇ ಸಿದ್ಧಾಂತ."

"ಸಿದ್ಧಾಂತ ಸರಿ ಇದೆ," ಎಂದಳು ಅಕ್ಕ. "ಆದ್ರೆ ನೀನು ಇಪ್ಪತ್ತು ವರ್ಷದಲ್ಲಿ ಒಂದು ದಿನನೂ ಪಾತ್ರೆ ತೊಳೆದಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ ಅನ್ನೋದು ಇದಕ್ಕೇ." ಅವಳು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಳು. "ಬಂದರಿನ ಗೋಡೌನಿಗೆ ಹಡಗಿನ ಮಾಲು ಬಂದಿದೆಯಂತೆ. ನಾನು ಒಂದು ಗುಂಡಿಗೆ ಹಾಕೋ ಖರ್ಚಲ್ಲಿ ಅವರು ಆರು ಗುಂಡಿ ಕೊಡ್ತಾರೆ. ಊರಿಗೆಲ್ಲ ಒಂದೊಂದು ಅಂಗಿ ಮೇಲೆ ನಾಲ್ಕು ಕಾಸು ಉಳೀತು. ಒಳ್ಳೇದೇ. ಆ ಶೆಡ್ಡಿನ ಒಂಬತ್ತು ಜನಕ್ಕೆ ಮಾತ್ರ ಪೂರ್ತಿ ಹೋಯ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿನಗೆ ಕಾಲೇಜು ರಜೆ ಯಾವಾಗ?"

"ನಾಡಿದ್ದಿನಿಂದ. ಎಂಟು ವಾರ."

"ಹಾಗಾದ್ರೆ ಈ ಸಾಲು ಬರೆದವನು ನೀನೇ ನಡೆಸಿಕೊಡು. ಒಂಬತ್ತು ಜನ ಯಾವ ಉದ್ಯಮಕ್ಕೆ ಸ್ಥಳಾಂತರ ಆಗ್ತಾರೆ, ಕರಕೊಂಡು ಹೋಗಿ ತೋರಿಸು. ಎಂಟು ವಾರ ನಾನು ಹೇಗಾದ್ರೂ ಶೆಡ್ಡು ನಡೆಸ್ತೀನಿ."

ಮೇಷ್ಟ್ರಿಗೆ ರೋಷ ಬಂತು. ಸಿದ್ಧಾಂತದ ಮೇಲಿನ ನಂಬಿಕೆ ಅದಕ್ಕಿಂತ ದೊಡ್ಡದಿತ್ತು. "ಆಗಲಿ," ಅಂದರು.

ಆಮೇಲೆ ಅಕ್ಕ ತಟ್ಟೆ ಇಟ್ಟಳು.

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಶೆಡ್ಡಿಗೆ ಬಂದಾಗ ಕೈಯಲ್ಲಿ ಒಂಬತ್ತು ಹಾಳೆಗಳಿದ್ದವು. ರಾತ್ರಿಯೆಲ್ಲ ಕೂತು ಗೆರೆ ಎಳೆದು ಮಾಡಿದ ನಮೂನೆ: ವಯಸ್ಸು, ವಿದ್ಯಾರ್ಹತೆ, ಅನುಭವ, ಇತರ ಕೌಶಲ, ಆಸಕ್ತಿ. ಮೊದಲು ಸಿಕ್ಕವಳು ತೂತು ಕೊರೆಯುವ ಹೆಂಗಸು. ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ. ಎಲ್ಲರ ಬಾಯಲ್ಲೂ ಡ್ರಿಲ್ಲಮ್ಮ. ನಲವತ್ತಾರು ವರ್ಷ, ಗಿಡ್ಡ ಆಳು, ನೆಟ್ಟ ದೃಷ್ಟಿ. ಮಾತಾಡುವಾಗಲೂ ಯಂತ್ರ ನಿಲ್ಲಿಸುವವಳಲ್ಲ.

"ವಿದ್ಯಾರ್ಹತೆ?"

"ತೂತು."

"ಅನುಭವ?"

"ಇಪ್ಪತ್ತೆರಡು ವರ್ಷ ತೂತು."

"ಬೇರೆ ಏನಾದ್ರೂ ಕೌಶಲ?"

ಅವಳು ಸ್ವಲ್ಪ ಯೋಚಿಸಿದಳು. "ಎರಡು ತೂತೂ ಬರುತ್ತೆ, ನಾಲ್ಕು ತೂತೂ ಬರುತ್ತೆ ಮೇಷ್ಟ್ರೇ. ಮೂರು ಕೇಳಬೇಡಿ, ಮೂರು ಯಾರೂ ಹಾಕಲ್ಲ."

ಬಣ್ಣದ ಹಂಡೆಯ ಮುಂದೆ ನಿಂತಿದ್ದ ಬಣ್ಣದಜ್ಜಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಪೀಪಾಯಿ ನೋಡಿಕೊಳ್ಳುವ ತಾತ, ಕಿವಿ ಮಂದ, ತನಗೆ ಏನೋ ಬಹುಮಾನದ ಅರ್ಜಿ ಕೊಡುತ್ತಿದ್ದಾರೆ ಅಂದುಕೊಂಡು ಎರಡು ಹಾಳೆ ಕೇಳಿದ. ಬಿಲ್ಲೆ ಕತ್ತರಿಸುವ ಆಳು ಒಬ್ಬ ಮಾತ್ರ ಹಾಳೆ ಮುಟ್ಟಲಿಲ್ಲ. ಎತ್ತರದ, ಅಚ್ಚುಕಟ್ಟು ಮನುಷ್ಯ. ಹುಡುಗಿಯರು ಅವನನ್ನು ಕಟಿಂಗ್ ಮಾಮ ಎನ್ನುತ್ತಿದ್ದರು. ಒಂದು ಪ್ಲಾಸ್ಟಿಕ್ ಹಾಳೆಯಿಂದ ಬೇರೆ ಯಾರಿಗಿಂತಲೂ ಹನ್ನೊಂದು ಬಿಲ್ಲೆ ಹೆಚ್ಚು ತೆಗೆಯುವ ಕೈ ಅದು. "ಬೇರೆಯವರನ್ನ ನೋಡಿ ಮೇಷ್ಟ್ರೇ," ಅಂದ ಮೆತ್ತಗೆ. "ನಾನು ಕೆಲಸ ಕೇಳ್ಕೊಂಡು ಯಾರ ಬೆಂಚಿನ ಮೇಲೂ ಕೂತು ಅಭ್ಯಾಸ ಇಲ್ಲದವನು."

ಆದರೂ ಮೊದಲ ಎರಡು ವಾರ ಮೇಷ್ಟ್ರು ಗೆದ್ದುಬಿಟ್ಟೆ ಅಂದುಕೊಂಡರು. ಊರಾಚೆ ಕೋಟು ಹೊಲಿಯುವ ಫ್ಯಾಕ್ಟರಿಯೊಂದಿತ್ತು. ಗುಂಡಿಯ ಸುಂಕ ತೆಗೆದದ್ದಕ್ಕೆ ಪ್ರತಿಯಾಗಿ ಆಚೆ ದೇಶದವರು ಕೋಟಿನ ಸುಂಕ ಇಳಿಸಿದ್ದರು. ಅದರಿಂದ ಫ್ಯಾಕ್ಟರಿಗೆ ಆರ್ಡರಿನ ಮೇಲೆ ಆರ್ಡರು, ಹೊಸ ಶೆಡ್ಡೇ ಏಳುತ್ತಿತ್ತು. ಒಂದು ಕೈಯಿಂದ ಹೋದದ್ದು ಇನ್ನೊಂದು ಕೈಗೆ ಬರುವುದು ಅಂದರೆ ಇದೇ. ಗುಂಡಿ ಆರಿಸುತ್ತಿದ್ದ ಮೂವರು ಹುಡುಗಿಯರನ್ನು ಕರೆದುಕೊಂಡು ಹೋದರು. ಮೂವರಿಗೂ ಹೊಲಿಗೆ ಕಲಿಸಿ ಕೆಲಸ ಕೊಡುತ್ತೇವೆ ಅಂದರು ಫ್ಯಾಕ್ಟರಿಯವರು. ಡಬ್ಬ ಕಟ್ಟುವವನಿಗೆ ಬೇಕರಿಯಲ್ಲಿ ಕೆಲಸ ಆಯಿತು. ಆ ಭಾನುವಾರ ಮೇಷ್ಟ್ರು ಊಟಕ್ಕೆ ಬಂದಾಗ ಎದೆ ಉಬ್ಬಿತ್ತು.

"ಒಂಬತ್ತರಲ್ಲಿ ನಾಲ್ಕು ಆಯ್ತು ಅಕ್ಕ. ಎರಡೇ ವಾರ."

"ಆ ನಾಲ್ಕು ಜನಕ್ಕೂ ವಯಸ್ಸಿದೆ, ಅವರು ನೀನಿಲ್ಲದೆಯೂ ಹೋಗ್ತಿದ್ರು," ಅಂದಳು ಅಕ್ಕ. "ನೀರು ಇಳಿಜಾರಲ್ಲಿ ಹರಿಸೋದು ದೊಡ್ಡದಲ್ಲ. ಏರಿ ಹತ್ತಿಸು ನೋಡೋಣ."

ಏರಿ ಸೋಮವಾರದಿಂದ ಶುರುವಾಯಿತು. ಬಣ್ಣದಜ್ಜಿಯನ್ನೂ ಡ್ರಿಲ್ಲಮ್ಮನನ್ನೂ ಕರೆದುಕೊಂಡು ಮೇಷ್ಟ್ರು ಅದೇ ಫ್ಯಾಕ್ಟರಿಗೆ ಹೋದರು. ದಾರ ಕತ್ತರಿಸುವುದೋ ಇಸ್ತ್ರಿ ಮಾಡುವುದೋ ಏನಾದರೂ ಸಿಕ್ಕೀತು ಎಂಬ ಆಸೆ. ಆಫೀಸಿನ ಹೊರಗೆ ಒಂದು ಉದ್ದ ಬೆಂಚು. ಮೊದಲ ದಿನ ನಾಲ್ಕು ಗಂಟೆ ಕೂರಿಸಿ ನಾಳೆ ಬನ್ನಿ ಅಂದರು. ಎರಡನೇ ದಿನವೂ ನಾಳೆ ಅಂದರು. ಅರ್ಥಶಾಸ್ತ್ರದಲ್ಲಿ ಇದಕ್ಕೆ 'ಹೊಂದಾಣಿಕೆಯ ಅವಧಿ' ಎಂಬ ಹೆಸರಿತ್ತು. ಅದರಲ್ಲಿ ಒಂದು ಬೆಂಚು ಇರುತ್ತದೆ, ಬೆಂಚಿನ ಒಂದು ಕಾಲು ಗಿಡ್ಡ ಇರುತ್ತದೆ, ಮೂವರೂ ಒಟ್ಟಿಗೆ ಅಲುಗಾಡದೆ ಕೂರಬೇಕಾಗುತ್ತದೆ ಎಂದು ಯಾವ ಪುಸ್ತಕದಲ್ಲೂ ಅವರು ಓದಿರಲಿಲ್ಲ. ಬಣ್ಣದಜ್ಜಿ ಮೂರು ದಿನವೂ ಒಂದೇ ಕೋಟು ಹಾಕಿಕೊಂಡು ಬಂದಳು. ಮಗಳ ಮದುವೆಗೆ ಹೊಲಿಸಿದ್ದಂತೆ. ಬಿಸಿಲಿಗೆ ಬೆವರು ಕಿತ್ತು ಬರುತ್ತಿದ್ದರೂ ತೆಗೆಯಲಿಲ್ಲ.

ಮೂರನೇ ದಿನ ಒಳಗೆ ಕರೆದರು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಮೇಷ್ಟ್ರನ್ನು ಕಂಡು ಎದ್ದು ನಿಂತಳು. "ಸರ್, ನೀವಾ? ನಾನು ನಿಮ್ಮ ಸ್ಟೂಡೆಂಟು. ನಿಮ್ಮ ಪೇಪರಲ್ಲಿ ಅರವತ್ತೆರಡು ತಗೊಂಡಿದ್ದೆ."

ಮೇಷ್ಟ್ರಿಗೆ ಹೋದ ಜೀವ ಬಂತು. ಎರಡು ಹಾಳೆಗಳನ್ನು ಮುಂದೆ ಇಟ್ಟರು. ಹುಡುಗಿ ನೋಡಿದಳು, ವಯಸ್ಸಿನ ಹತ್ತಿರ ಅವಳ ಪೆನ್ನು ನಿಂತಿತು. "ನಲವತ್ತರ ಮೇಲೆ ತಗೊಳ್ಳಲ್ಲ ಸರ್. ಕಲಿಯೋಕೆ ಆರು ತಿಂಗಳು ಬೇಕು, ಉತ್ಪಾದಕತೆ ಕಮ್ಮಿ."

"ಹಾಗಂತ ಯಾರು ಹೇಳಿದ್ದು?"

"ನೀವೇ ಸರ್, ಪಾಠದಲ್ಲಿ. ಐದನೇ ಅಧ್ಯಾಯ." ಹುಡುಗಿ ತಮಾಷೆಗೆ ಹೇಳಲಿಲ್ಲ. ಅವಳಿಗೆ ನಿಜವಾಗಿಯೂ ಬೇಸರವಾದಂತಿತ್ತು, ನೀರು ತರಿಸಿಕೊಟ್ಟಳು.

ಮೂವರೂ ನೀರು ಕುಡಿಯುತ್ತಿದ್ದಾಗ ಪಕ್ಕದ ಕೋಣೆಯಿಂದ ಮ್ಯಾನೇಜರು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಮಾತು ಅನ್ನುವುದಕ್ಕಿಂತ ಅಳು ಅನ್ನಬೇಕು. ಎಂಟು ಸಾವಿರ ಕೋಟು ಗುಂಡಿಯಿಲ್ಲದೆ ನೇತಾಡುತ್ತಿವೆ. ಹಡಗಿನಲ್ಲಿ ಬಂದ ಮೂಟೆ ಬಿಚ್ಚಿದರೆ ಗುಂಡಿಯ ಕಂದು ಬಣ್ಣವೇ ಬೇರೆ, ಕೋಟಿನ ಕಂದೇ ಬೇರೆ. ವಾಪಸ್ಸು ಕಳಿಸಿ ಬೇರೆ ತರಿಸಲು ಎರಡು ತಿಂಗಳು. ಶುಕ್ರವಾರಕ್ಕೆ ಮಾಲು ಲಾರಿ ಹತ್ತಬೇಕು. ಮ್ಯಾನೇಜರು ಫೋನು ಇಟ್ಟು ಹೊರಗೆ ಬಂದವನು ಒಂದು ಹಿಡಿ ಗುಂಡಿಯನ್ನು ಹುಡುಗಿಯ ಮೇಜಿನ ಮೇಲೆ ಸುರಿದು, ಪಕ್ಕದಲ್ಲಿ ಕೋಟಿನ ಬಟ್ಟೆಯ ತುಂಡೊಂದನ್ನು ಎಸೆದ. "ನೀನೇ ಹೇಳಮ್ಮ, ಇದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?"

ಬಣ್ಣದಜ್ಜಿ ಲೋಟ ಕೆಳಗಿಟ್ಟು ಒಂದು ಗುಂಡಿ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು, ಉಗುರಿನಿಂದ ಗೀರಿದಳು, ಬಟ್ಟೆಯ ಪಕ್ಕ ಇಟ್ಟು ನೋಡಿದಳು.

"ಕಂದು ಜಾಸ್ತಿ ಆಗಿಲ್ಲ ಇದಕ್ಕೆ," ಎಂದಳು, ತನ್ನಷ್ಟಕ್ಕೆ ಎಂಬಂತೆ. "ಕೆಂಪು ಸಾಲದು. ಇಪ್ಪತ್ತು ನಿಮಿಷ ಹಂಡೇಲಿ ಬಿಟ್ಟರೆ ದಾರಿಗೆ ಬರುತ್ತೆ."

ಮ್ಯಾನೇಜರು ಅವಳ ಮುಖ ನೋಡಿದ. ಕೋಟು ನೋಡಿದ. "ಯಾರಮ್ಮ ನೀವು?"

"ನಲವತ್ತರ ಮೇಲಿನವಳು," ಅಂದಳು ಬಣ್ಣದಜ್ಜಿ.

ಅವತ್ತು ಮೇಷ್ಟ್ರು ಅಕ್ಕನ ಮನೆಗೆ ಹೆಚ್ಚೂಕಮ್ಮಿ ಓಡುತ್ತಲೇ ಬಂದರು. ಅಕ್ಕ ಅಂಗಳದಲ್ಲಿ ಕೂತು ಯಂತ್ರದ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದಳು. ಎಲ್ಲವನ್ನೂ ಕೇಳಿದಳು. ಸಂತೋಷಪಡುತ್ತಾಳೆ ಅಂತ ಮೇಷ್ಟ್ರು ಕಾದರೆ, ಅವಳು ಸೂಜಿಯನ್ನು ಬೆಲ್ಟಿಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಬೇರೆಯವರು ಮಾಡಿದ ಗುಂಡಿಗೆ ನಾವು ಬಣ್ಣ ಹಾಕೋದು," ಎಂದಳು.

"ಒಂದು ಸಲಕ್ಕಲ್ಲ ಅಕ್ಕ. ಅವರಿಗೆ ಪ್ರತಿ ತಿಂಗಳೂ ಬೇಕು. ಬಿಳಿ ಗುಂಡಿ ಮೂಟೆಗಟ್ಟಲೆ ತರಿಸ್ತಾರೆ, ಯಾವ ಕೋಟಿಗೆ ಯಾವ ಬಣ್ಣ ಬೇಕೋ ಅದನ್ನ ನೀವು ಎರಡು ದಿನದಲ್ಲಿ ಹಾಕಿಕೊಡ್ತೀರಿ. ಹಡಗಿಗೆ ಎರಡು ತಿಂಗಳು ಬೇಕು, ನಿಮಗೆ ಎರಡು ದಿನ. ನೀವು ಎಲ್ಲರಿಗಿಂತ ಮುಂದಿರೋದು ಅಲ್ಲಿ."

"ಹಾಗಾದ್ರೆ ಕತ್ತರಿಸೋದು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಕೊರೆಯೋದು?"

ಹಡಗಿನಲ್ಲಿ ಬರುವ ಗುಂಡಿಗೆ ತೂತು ಆಗಲೇ ಬಿದ್ದಿರುತ್ತದೆ. ಅಕ್ಕ ಎದ್ದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಕಟಿಂಗ್ ಮಾಮ ಹಾಳೆ ತಿರುಗಿಸಿ ಇನ್ನೊಂದು ಸಾಲು ಬಿಲ್ಲೆ ತೆಗೆಯುತ್ತಿದ್ದ. ಕಾರ್ಖಾನೆ ಕಟ್ಟಿದ ಮಾವ ಹೇಳಿಕೊಟ್ಟ ಮೊದಲ ಕೆಲಸವೇ ಅದು ಅವಳಿಗೆ. ಮದುವೆಯಾಗಿ ಬಂದ ವಾರ ಬೆರಳು ಕೊಯ್ದುಕೊಂಡು ಕಲಿತದ್ದು. ಬಾವ ಬೆನ್ನು ಹಿಡಿದುಕೊಂಡು ನಿಧಾನಕ್ಕೆ ಬಂದು ಪಕ್ಕದಲ್ಲಿ ನಿಂತರು. ಈ ಸಲ ಅವರೂ ತಮಾಷೆ ಮಾಡಲಿಲ್ಲ.

"ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?" ಅಕ್ಕ ಕೇಳಿದಳು.

"ಬೈಯ್ತಿದ್ರು," ಅಂದರು ಬಾವ. "ಬೈದು, ಹಂಡೆಗೆ ಬೆಂಕಿ ಹಚ್ಚು ಅಂತಿದ್ರು."

ಶುಕ್ರವಾರಕ್ಕೆ ನಲವತ್ತೆಂಟು ಸಾವಿರ ಗುಂಡಿ ಕೆಂಪು ಕುಡಿದು ಹೊರಬಂದವು. ಮೂರು ದಿನ ಮೇಷ್ಟ್ರೂ ತೋಳು ಮಡಚಿ ನಿಂತರು. ಬಣ್ಣದಜ್ಜಿ ಬಾಯಲ್ಲಿ ಹೇಳುವವಳು, ಇವರು ಕೋಲು ಹಿಡಿದು ಹಂಡೆ ತಿರುವುವವರು. ನಿಧಾನಕ್ಕೆ ತಿರುವಿ, ಜೋರಾಗಿ ತಿರುವಬೇಡಿ, ಪಾಠ ಒಪ್ಪಿಸಿದ ಹಾಗೆ ಮಾಡಬೇಡಿ, ಎಂದು ಅವಳು ಬೈದಾಗಲೆಲ್ಲ "ಆಯ್ತಮ್ಮ" ಅನ್ನುವರು. ಬಣ್ಣ ಮೊಣಕೈವರೆಗೆ ಹತ್ತಿತು. ಹಡಗಿನ ಗುಂಡಿ ಸ್ವಲ್ಪ ಮಂಕಾಗಿದೆ ಅಂತ ಪೀಪಾಯಿ ತಾತ ಹಟ ಹಿಡಿದು ಅಷ್ಟನ್ನೂ ಎರಡು ಸುತ್ತು ಉರುಳಿಸಿದ. "ಎಲ್ಲಿ ಹುಟ್ಟಿದ್ರೇನು, ನಮ್ಮ ಬಾಗಿಲಿಂದ ಹೋಗುವಾಗ ಮುಖ ತೊಳೆದು ಹೋಗಲಿ" ಎಂಬುದು ಅವನ ವಾದ. ಮೇಷ್ಟ್ರ ಕೈ ನೋಡಿ ಬಾವ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಕೈ ಕಂದಾದರೆ ಏನು ಅಂತ ಗಾದೆಯಲ್ಲಿ ಹೇಳಿಲ್ಲ" ಅಂದರು.

ಮ್ಯಾನೇಜರು ಮುಂದಿನ ತಿಂಗಳ ಮೂಟೆಗಳನ್ನೂ ಕಳಿಸಿದ. ಬಣ್ಣದಜ್ಜಿ, ತಾತ, ಆರಿಸುವ ಇನ್ನೊಬ್ಬ ಹೆಂಗಸು ಮೂವರೂ ಉಳಿದುಕೊಂಡರು. ಕಟಿಂಗ್ ಮಾಮ ಉಳಿಯಲಿಲ್ಲ. ಹಂಡೆ ತಿರುವುವ ಕೆಲಸ ಕೊಡುತ್ತೇನೆ ಎಂದು ಅಕ್ಕ ಹೇಳಿದಾಗ ಬೇಡ ಎನ್ನಲಿಲ್ಲ, ನಕ್ಕ ಅಷ್ಟೆ. ಐದನೇ ವಾರ, ಹೆಂಡತಿ ಮಕ್ಕಳ ಸಮೇತ ಆರು ಗಂಟೆ ದೂರದ ಊರಿಗೆ ಹೊರಟ; ಹೆಂಡತಿಯ ಅಣ್ಣನಿಗೆ ಅಲ್ಲಿ ಲಾರಿ ಇತ್ತು. ಮೇಷ್ಟ್ರು ಬಸ್ ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆ ಎತ್ತಿಕೊಟ್ಟರು. "ಬಿಲ್ಲೆ ಕತ್ತರಿಸೋ ಅಲಗನ್ನ ಎಣ್ಣೆ ಬಟ್ಟೇಲಿ ಸುತ್ತಿಟ್ಟಿದೀನಿ ಅಂತ ಅಮ್ಮಾವ್ರಿಗೆ ಹೇಳಿ. ತುಕ್ಕು ಹಿಡಿಯಲ್ಲ," ಅಂದ ಅವನು ಕಿಟಕಿಯಿಂದ. ಬಸ್ಸು ಹೋದ ಮೇಲೆ ಮೇಷ್ಟ್ರು ಅವನ ಖಾಲಿ ಹಾಳೆ ತೆಗೆದರು. ಒಂಬತ್ತು ಜನರಲ್ಲಿ ಅಕ್ಷರಶಃ ಸ್ಥಳಾಂತರಗೊಂಡವನು ಅವನೊಬ್ಬನೇ. ಏನು ಬರೆಯಬೇಕೆಂದು ತೋಚದೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಏಳನೇ ವಾರ ಸಮಿತಿ ಮತ್ತೆ ಸೇರಿತು. ಎರಡನೇ ಪಟ್ಟಿ: ಬೀಗ, ಬ್ರಷ್ಷು, ಬಾಚಣಿಗೆ. ಕೊನೆಯ ಪುಟ ಮೇಷ್ಟ್ರೇ ಬರೆಯಲಿ ಅಂತ ಮತ್ತೆ ಎಲ್ಲರೂ ಅಂದರು. ಅವರು ಒಪ್ಪಿದರು, ಆದರೆ ಪ್ರತಿ ಸಾಮಾನಿನ ಮುಂದೆ ಎಷ್ಟು ಜನ, ಎಲ್ಲಿಗೆ ಹೋಗುತ್ತಾರೆ, ಎಷ್ಟು ದಿನ ಕಾಯಬೇಕಾಗುತ್ತದೆ, ಕಾಯುವಷ್ಟು ದಿನ ಊಟ ಯಾರು ಹಾಕುತ್ತಾರೆ ಎಂಬ ನಾಲ್ಕು ಕಾಲಮ್ಮು ಇರಬೇಕು ಅಂದರು.

"ಸುಂಕ ತೆಗೆಯೋದು ತಪ್ಪು ಅಂತೀರಾ?" ಅಧ್ಯಕ್ಷರು ಕೇಳಿದರು.

"ಇಲ್ಲ. ತೆಗೀಬೇಕು ಅಂತಲೇ ಹೇಳ್ತೀನಿ. ಕಾಲಮ್ಮು ಹಾಕಿ ಅಂತಲೂ ಹೇಳ್ತೀನಿ."

"ಅದು ಅರ್ಥಶಾಸ್ತ್ರ ಅಲ್ಲ ಮೇಷ್ಟ್ರೇ."

"ಅಲ್ಲದಿದ್ರೆ ಬೇಡ. ಅದಕ್ಕೆ ಬೇರೆ ಏನಾದ್ರೂ ಹೆಸರಿಡೋಣ. ಕಾಲಮ್ಮು ಮಾತ್ರ ಇರಲಿ."

ಅಧ್ಯಕ್ಷರು ಮೇಜಿನ ಮೇಲಿದ್ದ ಅವರ ಕಂದು ಉಗುರುಗಳನ್ನು ನೋಡಿದರು. ನಾಲ್ಕರಲ್ಲಿ ಎರಡು ಕಾಲಮ್ಮನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು.

ಇನ್ನು ಉಳಿದದ್ದು ಡ್ರಿಲ್ಲಮ್ಮ ಒಬ್ಬಳು. ಬೇಕರಿ, ಬಸ್ ಡಿಪೋ, ಮುದ್ರಣಾಲಯ, ಎಲ್ಲ ಕಡೆ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ಅವಳು ಹೋದಲ್ಲೆಲ್ಲ ಮೊದಲು ಗೋಡೆಯ ಮೊಳೆಗಳನ್ನು ನೋಡುವಳು, ಯಾವುದು ಸೊಟ್ಟ ಅಂತ ಹೇಳುವಳು. ಕೆಲಸ ಮಾತ್ರ ಆಗಲಿಲ್ಲ. "ಒಂಬತ್ತರಲ್ಲಿ ಎಂಟು ಅಂದ್ರೆ ಶೇಕಡಾ ಎಂಬತ್ತೊಂಬತ್ತು. ಪರೀಕ್ಷೆಯಲ್ಲಾದ್ರೆ ಡಿಸ್ಟಿಂಕ್ಷನ್ನು," ಅಂತ ಮೇಷ್ಟ್ರು ಒಮ್ಮೆ ಬಾಯಿ ಜಾರಿ ಅಂದರು. "ಒಬ್ಬ ಊರು ಬಿಟ್ಟಿದ್ದನ್ನೂ ಸೇರಿಸಿ ಲೆಕ್ಕ ಹಾಕ್ತೀಯಾ?" ಅಂದಳು ಅಕ್ಕ. ಮೇಷ್ಟ್ರು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು.

ಎಂಟನೇ ವಾರದ ಬುಧವಾರ ಮೇಷ್ಟ್ರ ಕನ್ನಡಕ ಕೈಕೊಟ್ಟಿತು. ಹಂಡೆಯ ಆವಿಗೋ ಏನೋ, ಗಾಜಿನ ತಿರುಪಿನ ಹತ್ತಿರ ಸಣ್ಣ ಬಿರುಕು. ಸುತ್ತ ಕಟ್ಟಿಲ್ಲದ, ಬರೀ ಗಾಜಿಗೆ ತೂತು ಮಾಡಿ ಕಡ್ಡಿ ಸಿಕ್ಕಿಸುವ ಥರದ್ದು ಅದು. ಕನ್ನಡಕದ ಅಂಗಡಿಯವನು ಗಾಜು ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದ.

"ಹೊಸ ಗಾಜು ಹಾಕಬೇಕು ಸರ್. ಮೂರು ವಾರ ಆಗುತ್ತೆ."

"ಗಾಜು ಇಲ್ವಾ?"

"ಗಾಜಿದೆ. ತೂತು ಕೊರೆಯೋಕೆ ದೊಡ್ಡ ಊರಿಗೆ ಕಳಿಸಬೇಕು. ಯಂತ್ರ ನನ್ನ ಹತ್ರಾನೂ ಇದೆ, ಕೈ ಇಲ್ಲ. ನಾನು ಮುಟ್ಟಿದ್ರೆ ಹತ್ತರಲ್ಲಿ ನಾಲ್ಕು ಒಡೆಯುತ್ತೆ. ಈಗ ಎಲ್ಲರಿಗೂ ಈ ಥರದ್ದೇ ಬೇಕು, ಏನು ಮಾಡೋದು."

ಮೇಷ್ಟ್ರು ಕನ್ನಡಕವನ್ನು ಅವನ ಕೈಯಲ್ಲೇ ಬಿಟ್ಟರು. ಆಮೇಲೆ, "ಹತ್ತು ನಿಮಿಷ ಇರಿ, ಅಂಗಡಿ ಮುಚ್ಚಬೇಡಿ" ಅಂದರು.

ಕನ್ನಡಕ ಇಲ್ಲದ್ದರಿಂದ ದಾರಿಯಲ್ಲಿ ಇಬ್ಬರಿಗೆ ಡಿಕ್ಕಿ ಹೊಡೆದು, ಒಂದು ಕಂಬಕ್ಕೆ ಕ್ಷಮೆ ಕೇಳಿ ಶೆಡ್ಡು ಸೇರಿದರು. ಡ್ರಿಲ್ಲಮ್ಮ ಸುಮ್ಮನೆ ಕೂತು ಅಭ್ಯಾಸವಿಲ್ಲದೆ ತನ್ನ ನಿಂತ ಯಂತ್ರವನ್ನು ಒರೆಸುತ್ತಿದ್ದಳು. "ಗಾಜಿನ ತೂತು ಬರುತ್ತಾ?" ಮೇಷ್ಟ್ರು ಏದುಸಿರು ಬಿಡುತ್ತಾ ಕೇಳಿದರು.

"ಹಾಕಿಲ್ಲ ಯಾವತ್ತೂ."

"ಬರುತ್ತಾ ಅಂತ ಕೇಳಿದೆ."

ಅವಳು ಕೈ ಒರೆಸಿಕೊಂಡು ಎದ್ದಳು.

ಅಕ್ಕನೂ ಜೊತೆಗೆ ಹೊರಟಳು. ನೋಡೇಬಿಡೋಣ ಅಂತ ಬಾವ ಕೂಡ ಬೆನ್ನು ಹಿಡಿದುಕೊಂಡು ಹಿಂದೆ ಬಂದರು. ಕನ್ನಡಕದ ಅಂಗಡಿ ಚಿಕ್ಕದು. ನಾಲ್ಕು ಜನ ಒಳಗೆ ಹೊಕ್ಕರೆ ಕನ್ನಡಿಗಳಲ್ಲಿ ಹದಿನಾರು ಜನ ಕಾಣುತ್ತಿದ್ದರು. ಅಂಗಡಿಯವನು ಅನುಮಾನದಿಂದಲೇ ಹಳೆಯ ಗಾಜೊಂದನ್ನು ಕೊಟ್ಟ. ಕಿಟಕಿಯ ಪಕ್ಕ ಸಣ್ಣ ಯಂತ್ರವಿತ್ತು. ಅದರ ಕೆಳಗೆ ಕಪ್ಪು ಬಟ್ಟೆ ಹಾಸಿತ್ತು. ಡ್ರಿಲ್ಲಮ್ಮ ಯಂತ್ರವನ್ನು ಒಂದೆರಡು ಸಲ ಬರಿದೇ ತಿರುಗಿಸಿ ಸದ್ದು ಕೇಳಿದಳು. ಗಾಜನ್ನು ಹೆಬ್ಬೆರಳಿನಿಂದ ತಡವಿದಳು. ಸ್ವಲ್ಪ ನೀರು ಕೇಳಿ ತರಿಸಿಕೊಂಡು ಒಂದು ಹನಿ ಬಿಟ್ಟಳು.

"ಮೆತ್ತಗೆ," ಅಂದ ಅಂಗಡಿಯವನು.

"ಮಾತಾಡಬೇಡಿ," ಅಂದಳು ಅಕ್ಕ.

ಮೊನೆ ಗಾಜಿಗೆ ತಾಗಿದಾಗ ಕೇಳಿಸಿದ ಸದ್ದು ಸೊಳ್ಳೆಯದಕ್ಕಿಂತ ದೊಡ್ಡದಿರಲಿಲ್ಲ. ಮೇಷ್ಟ್ರಿಗೆ ಕನ್ನಡಕವಿಲ್ಲದೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳ ಬಗ್ಗಿದ ಕತ್ತು, ಅಲುಗದ ಮೊಣಕೈ, ಕಪ್ಪು ಬಟ್ಟೆಯ ಮೇಲೆ ಹಿಟ್ಟಿನಂತೆ ಕೂಡುತ್ತಿದ್ದ ಬಿಳುಪು, ಇಷ್ಟೇ. ಅವರ ತೋಳನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಅಕ್ಕನ ಕೈ ಇರಬೇಕು. ಸದ್ದು ನಿಂತಿತು. ಮತ್ತೆ ಶುರುವಾಯಿತು, ಇನ್ನೊಂದು ತುದಿಯಲ್ಲಿ. ಮತ್ತೆ ನಿಂತಿತು.

ಡ್ರಿಲ್ಲಮ್ಮ ಉಫ್ ಎಂದು ಪುಡಿ ಊದಿದಳು. ಎರಡು ತೂತು, ಕೂದಲೆಳೆಯಷ್ಟೂ ಬಿರುಕಿಲ್ಲ. ಸೆರಗಿನಂಚಿನಿಂದ ಅಲ್ಲ, ಅಂಗಡಿಯವನು ಕೊಟ್ಟ ಮೆತ್ತನೆ ಬಟ್ಟೆಯಿಂದಲೇ ಗಾಜನ್ನು ಒರೆಸಿ, ಯಾರಿಗೂ ಕೊಡದೆ, ಕಿಟಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದಳು. ಹೊರಗೆ ಬೀದಿಯಲ್ಲಿ ಸೈಕಲ್ಲುಗಳು, ಹಣ್ಣಿನ ಗಾಡಿ, ಬಿಸಿಲು. ಅವಳು ಅದನ್ನೆಲ್ಲ ಆ ಗಾಜಿನೊಳಗಿಂದ ನಿಧಾನವಾಗಿ, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡುತ್ತಾ ನಿಂತಳು.